ನಿನ್ನ ಪಾಲಿನ ಕಲ್ಲು

ಪೆಂಡಲ್ ಹಿಲ್, ಸಿಡ್ನಿ
ತಾ. 12-4-2007, ಗುರುವಾರ

ಗಿರಿಜಾ,

ಈ ವಯಸ್ಸಿನಲ್ಲಿ ನನ್ನ ಕೈಗೆ ಪೆನ್ನು ಕೊಟ್ಟು ಕೂಡಿಸಿದ್ದೀಯಲ್ಲ, ನಿನಗೆ ಏನು ಹೇಳಬೇಕೋ ತಿಳಿಯುವುದಿಲ್ಲ. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವನು ನಾನು. ಆಮೇಲೆ ಬರೆದದ್ದೆಲ್ಲ ಗಿರಣಿಯ ಗೋಡೆ ಮೇಲೆ ಸೀಮೆಸುಣ್ಣದಲ್ಲಿ, ಯಾರ ಜೋಳ, ಯಾರ ಗೋಧಿ ಎಂದು. ಮನೆಯಲ್ಲಿ ಫೋನ್ ಇದೆ, ಯೋಗೀಶನ ಕಿಸೆಯಲ್ಲಿ ಫೋನ್ ಇದೆ, ಉಷಾಳ ಚೀಲದಲ್ಲಿ ಫೋನ್ ಇದೆ. ಆದರೂ ಶಾಂತವೀರಪ್ಪ ಮಾತ್ರ ಹಾಳೆ, ಲಕೋಟೆ, ಸ್ಟ್ಯಾಂಪು ಎಂದು ಒದ್ದಾಡಬೇಕು. "ನೀವು ಫೋನ್ ಮಾಡಬ್ಯಾಡ್ರಿ, ನಿಮ್ಮ ದನಿಗೆ ಕೂಸು ಎದ್ದು ಕುಂದರತೈತಿ. ಹೇಳೂದಿದ್ರ ಪತ್ರ ಬರೀರಿ, ನಾ ಓದ್ಕೊಂತೀನಿ" ಎಂದು ನೀನು ಹೇಳಿ ಫೋನ್ ಇಟ್ಟುಬಿಟ್ಟೆ. ಜೀವಮಾನವೆಲ್ಲ ಗಿರಣಿಯ ಸದ್ದಿನ ಮೇಲೆ ಮಾತಾಡಿದ ಗಂಟಲು ಇದು. ರೇಡಿಯೋದ ಹಾಗೆ ಗುಂಡಿ ತಿರುಗಿಸಿ ಸಣ್ಣ ಮಾಡು ಎಂದರೆ ಎಲ್ಲಿಂದ ಮಾಡಲಿ.

ಪತ್ರ ತಡವಾಯಿತು. ಬರೆದು ಹರಿದು, ಬರೆದು ಹರಿದು ಇಷ್ಟು ದಿನ ಆಯಿತು. ಯೋಗೀಶ ಆಫೀಸಿನಿಂದ ತಂದುಕೊಟ್ಟ ಹಾಳೆಗೆ ಗೆರೆಯೇ ಇಲ್ಲ. ಸಾಲು ಹಳ್ಳಕ್ಕೆ ಇಳಿದ ಬಂಡಿಯ ಹಾಗೆ ಕೆಳಕ್ಕೆ ಕೆಳಕ್ಕೆ ಹೋಗುತ್ತದೆ. ತಪ್ಪು ಕಂಡರೆ ತಿದ್ದಿಕೊಂಡು ಓದು. ಕೃಪಾಳಿಗೆ ತೋರಿಸಿ ತಾಯಿ ಮಗಳು ಕೂಡಿ ನಗಬೇಡಿ.

ಇಲ್ಲಿ ಎಲ್ಲರೂ ಆರಾಮ. ಮಗ ಸೊಸೆ ಇಬ್ಬರೂ ಶನಿವಾರ ಬಂತೆಂದರೆ ರೌಸ್ ಹಿಲ್ ಕಡೆ ಮನೆ ನೋಡಲು ಹೋಗುತ್ತಾರೆ, ಬಂದು ಮಾರ್ಟ್‌ಗೇಜ್ ಎಂದು ತಲೆ ಹಿಡಿದುಕೊಂಡು ಕೂರುತ್ತಾರೆ. ಮೊಮ್ಮಗಳು ಆದ್ಯಾಗೆ ಈಗ ಒಂಬತ್ತು. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಬೈದರೆ ಮಾತ್ರ ಒಂದು ಅಕ್ಷರ ಬಿಡದೆ ತಿಳಿಯುತ್ತದೆ. ಕೂಸು ಮಗುಚಿಕೊಳ್ಳುತ್ತದೆಯೇ? ಕೃಪಾ ಹೊಟ್ಟೆ ತುಂಬ ಉಣ್ಣುತ್ತಾಳೆಯೇ? ಅಳಿಯ ಜೀವನ್‌ಗೆ ರಾತ್ರಿ ಪಾಳಿ ತಪ್ಪಿತೇ? ಎಲ್ಲ ಬರೆ.

ಈಗ ವಿಷಯ ಕೇಳು. ಇದನ್ನು ಫೋನಿನಲ್ಲಿ ಹೇಳಿದ್ದರೆ ಕೂಸಷ್ಟೇ ಅಲ್ಲ, ಮೆಲ್ಬರ್ನಿನ ನಿಮ್ಮ ಕ್ಲೇಟನ್ ಬಡಾವಣೆಯೇ ಏಳುತ್ತಿತ್ತು. ಸೋಮವಾರ ನಾನು ಬುಗುರಿ ಆಡಿದೆ. ಆಡಿ ಗೆದ್ದೆ. ಜಮೈಕಾದವರ ಮೇಲೆ ಗೆದ್ದೆ.

ಜಮೈಕಾ ಎಂದರೆ ನಿನಗೆ ತಿಳಿಯುವ ಹಾಗೆ ಹೇಳುತ್ತೇನೆ. ಗಿರಣಿಯಲ್ಲಿ ರೇಡಿಯೋ ಹಚ್ಚಿದಾಗ ವೆಸ್ಟ್ ಇಂಡೀಸಿನವರು ನಮ್ಮವರ ಪಕ್ಕೆಗೆ ಚೆಂಡು ಎಸೆಯುತ್ತಿದ್ದರಲ್ಲ, ನಾನು ರೇಡಿಯೋಗೆ ಬೈಯುತ್ತಿದ್ದೆನಲ್ಲ, ಆ ಕಡೆಯ ದೇಶ. ಸಮುದ್ರದ ನಡುವೆ ಒಂದು ನಡುಗಡ್ಡೆ. ಮಾವು, ತೆಂಗು, ಕಬ್ಬು, ಪೇರಲ ಎಲ್ಲ ಇದೆಯಂತೆ. ಅಲ್ಲಿಯವನು ಎವರ್ಟನ್. ನನ್ನ ವಾರಿಗೆಯವನೇ. ಇಲ್ಲಿ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತನಾಗಿದ್ದಾನೆ. ಸುತ್ತಿಗೆ ಸದ್ದಿಗೆ ಒಂದು ಕಿವಿ ಪೂರ್ತಿ ಹೋಗಿದೆ, ಇನ್ನೊಂದು ಅರ್ಧ.

ಅವನು ಸಿಕ್ಕಿದ್ದು ಹೀಗೆ. ಸ್ಟೇಷನ್ ಹತ್ತಿರದ ಅಂಗಡಿಯಿಂದ ಕರಿಬೇವು, ಜೋಳದ ಹಿಟ್ಟು ಹಿಡಿದುಕೊಂಡು ಪಾರ್ಕಿನೊಳಗೆ ಹಾದು ಬರುತ್ತಿದ್ದೆ. ಬೆಂಚಿನ ಮುಂದೆ ಟೋಪಿ ಹಾಕಿಕೊಂಡ ಒಬ್ಬ ಕಪ್ಪನೆಯ ಎತ್ತರದ ಮನುಷ್ಯ ಬುಗುರಿಗೆ ಚಾಟಿ ಸುತ್ತುತ್ತಿದ್ದ. ನಾನು ಅಲ್ಲೇ ನಿಂತುಬಿಟ್ಟೆ. ಬೀಸಿ ಬಿಟ್ಟ, ಬುಗುರಿ ಎರಡು ಸುತ್ತು ಓಲಾಡಿ ಮಲಗಿತು. ನನಗೆ ತಡೆಯಲಾಗಲಿಲ್ಲ. "ಚಾಟಿ ಬಿಗಿ ಸುತ್ತಪಾ, ದನಾ ಕಟ್ಟಿದಂಗ ಸುತ್ತಿದ್ರ ಹೆಂಗ ತಿರಗತೈತಿ" ಎಂದು ಕೂಗಿದೆ. ಕನ್ನಡದಲ್ಲೇ. ಅವನು ತಿರುಗಿ ನೋಡಿ, ಬುಗುರಿ ಚಾಟಿ ಎರಡನ್ನೂ ನನ್ನ ಕೈಗೆ ಕೊಟ್ಟ. ಹಿಟ್ಟಿನ ಚೀಲ ಹುಲ್ಲಿನ ಮೇಲೆ ಇಟ್ಟೆ. ಕೈ ಮರೆತಿರಲಿಲ್ಲ ಗಿರಿಜಾ. ಇನ್ನೇನು ನೆಲ ಕೊರೆಯುತ್ತದೆ ಎನ್ನುವ ಹಾಗೆ ಒಂದೇ ಕಡೆ ನಿಂತು ತಿರುಗಿತು.

ಮನೆಗೆ ಬಂದವನೇ ಪೆಟ್ಟಿಗೆ ತೆಗೆದು, ಆದ್ಯಾಳಿಗೆ ಎಂದು ನೀನು ರಾಣೆಬೆನ್ನೂರಿನ ಪೇಟೆಯಲ್ಲಿ ಕೊಂಡು ಇಟ್ಟಿದ್ದ ಬುಗುರಿ ಹೊರಗೆ ಹಾಕಿದೆ. ನೆನಪಿದೆಯೇ, ಸಿಡ್ನಿ ವಿಮಾನ ನಿಲ್ದಾಣದಲ್ಲಿ ಆ ಅಧಿಕಾರಿ ಮರದ ಸಾಮಾನು ಎಂದು ಅದನ್ನು ದೀಪಕ್ಕೆ ಹಿಡಿದು ಹುಳದ ತೂತು ಹುಡುಕಿದ್ದು. "ಅದರಾಗ ಹುಳಾ ಇಲ್ಲೋ ಯಪ್ಪಾ, ಅದನ್ನ ಆಡಾವನ ತಲ್ಯಾಗ ಐತಿ" ಎಂದು ನೀನು ಅವನಿಗೆ ಹೇಳಿದೆ. ಅವನಿಗೆ ತಿಳಿಯಲಿಲ್ಲ, ಯೋಗೀಶ ನಕ್ಕ, ನನಗೆ ಸಿಟ್ಟು ಬಂತು. ಅದೇ ದಿನ ನನ್ನನ್ನು ಮಗ ಈ ಮನೆಗೆ ಕರೆತಂದ, ನಿನ್ನನ್ನು ಮುಂದಿನ ವಿಮಾನಕ್ಕೆ ಹತ್ತಿಸಿ ಮಗಳ ಮನೆಗೆ ಕಳಿಸಿದ. ಬಾಣಂತನ ಮುಗಿಯುವ ತನಕ, ಎರಡು ತಿಂಗಳು ಅಂದಿದ್ದರು. ಸೆಪ್ಟೆಂಬರಿನಲ್ಲಿ ಬಂದೆವು, ಈಗ ಏಪ್ರಿಲ್.

ಅದಿರಲಿ. ಅವತ್ತಿನಿಂದ ದಿನಾ ಮಧ್ಯಾಹ್ನ ಪಾರ್ಕು. ಆದ್ಯಾ ಸಾಲೆ ಬಿಟ್ಟು ಬಂದ ಮೇಲೆ ದುಭಾಷಿಯಾಗಿ ಬರುತ್ತಾಳೆ. ಆದರೆ ಎವರ್ಟನ್ ಖುಷಿಯಲ್ಲಿ ಆಡುವ ಇಂಗ್ಲಿಷು ಅವಳಿಗೂ ತಿಳಿಯುವುದಿಲ್ಲ, "ಅಜ್ಜ, ದಟ್ಸ್ ನಾಟ್ ಇಂಗ್ಲಿಷ್" ಎನ್ನುತ್ತಾಳೆ. ನನಗೆ ಅರ್ಧಕ್ಕರ್ಧ ತಿಳಿಯುತ್ತದೆ, ಹೇಗೋ ಗೊತ್ತಿಲ್ಲ. ಅವರಲ್ಲಿ ಹಿರಿಯ ಗಂಡಸಿನ ಹೆಸರಿನ ಮುಂದೆ ಮಾಸ್ ಎಂದೂ ಹೆಂಗಸಿನ ಹೆಸರಿನ ಮುಂದೆ, ಮದುವೆಯಾಗಿದ್ದರೂ, ಮಿಸ್ ಎಂದೂ ಹಚ್ಚಿ ಕರೆಯುತ್ತಾರೆ. ನಾನು ಮಾಸ್ ವೀರ. ಅವನ ಹೆಂಡತಿ ಮಿಸ್ ಇನೆಜ್. ನಮ್ಮಲ್ಲಿ ಅಪ್ಪ ಅವ್ವ ಹಚ್ಚುವ ಹಾಗೆ. ಇಲ್ಲಿ ನಮ್ಮವರೇ ನನ್ನನ್ನು ಅಂಕಲ್ ಎನ್ನುತ್ತಾರೆ, ಅವನು ಮಾಸ್ ವೀರ ಎನ್ನುತ್ತಾನೆ.

ಇನ್ನೊಂದು ಮಾತು. ನನ್ನ ದನಿ ಅವನಿಗೆ ಸರಿಹೋಗಿದೆ. ಈ ಊರಿನಲ್ಲಿ ಎಲ್ಲರೂ ಪಿಸುಗುಡುತ್ತಾರೆ, ತನಗೆ ಕೇಳುವ ಹಾಗೆ ಮಾತಾಡುವವನು ನೀನೊಬ್ಬನೇ ಎಂದ. ಅವನ ಗೆಳೆಯರು ಶನಿವಾರ ಬಂದು ಮೇಜಿನ ಮೇಲೆ ಡಾಮಿನೋ ಕಾಯಿ ಕುಟ್ಟಿ ಕುಟ್ಟಿ ಆಡುತ್ತಾರೆ. ನೋಡಿದವರು ಕೊಲೆಯಾಗುತ್ತದೆ ಎಂದುಕೊಳ್ಳಬೇಕು, ಅಷ್ಟು ಗದ್ದಲ. ಜಗಳವಲ್ಲ, ಮಾತೇ ಹಾಗೆ. ಪೇಟೆಯ ಮೆಣಸಿನಕಾಯಿ ಸವಾಲಿನಲ್ಲಿ, ದರ ಕೂಗುವವರ ನಡುವೆ ನಿಂತ ಹಾಗಿತ್ತು ನನಗೆ. ವಿಶ್ವಕಪ್ಪಿನಿಂದ ನಮ್ಮವರು ಬೇಗ ಮನೆಗೆ ಹೋದದ್ದಕ್ಕೆ ಅವನು ನನ್ನನ್ನು ರೇಗಿಸಿದ, ಅವನ ಊರಿನಲ್ಲೇ ಆಟ ನಡೆದೂ ಅವನವರು ಸೋಲುವುದಕ್ಕೆ ನಾನು ಅವನನ್ನು ರೇಗಿಸಿದೆ. ಪಕ್ಕದ ಬೆಂಚಿನ ಮುದುಕಿ ಎದ್ದು ದೂರ ಹೋಗಿ ಕೂತಳು.

ಅವನ ಬಾಲ್ಯದ ಕಥೆಯನ್ನೂ ಕೇಳು. ತಂದೆ ತಾಯಿ ಇವನನ್ನು ಅಜ್ಜಿಯ ಹತ್ತಿರ ಬಿಟ್ಟು ದುಡಿಯಲು ಲಂಡನ್‌ಗೆ ಹೋದರು. ವರುಷಕ್ಕೊಮ್ಮೆ ಹಡಗಿನಲ್ಲಿ ಒಂದು ದೊಡ್ಡ ಪೀಪಾಯಿ ಬರುತ್ತಿತ್ತಂತೆ, ಬಟ್ಟೆ, ಸಾಬೂನು, ಬೂಟು ತುಂಬಿಕೊಂಡು. ಬೂಟು ಒಂದು ಸಲವೂ ಕಾಲಿಗೆ ಆಗಲಿಲ್ಲ. ಬಿಟ್ಟು ಹೋದಾಗಿನ ಹುಡುಗನ ಅಳತೆಗೆ ಅವರು ಕೊಂಡು ಕಳಿಸುತ್ತಿದ್ದರು, ಇವನ ಕಾಲು ಬೆಳೆದಿರುತ್ತಿತ್ತು. ಆಟದ ಸಾಮಾನು ಪೀಪಾಯಿಯಲ್ಲಿ ಬರುತ್ತಿರಲಿಲ್ಲ, ತಾವೇ ಮಾಡಿಕೊಳ್ಳುತ್ತಿದ್ದರು. ಪೇರಲ ಗಿಡದ ಗಟ್ಟಿ ಕೊಂಬೆ ಕೆತ್ತಿ, ತುದಿಗೆ ಮೊಳೆ ಹೊಡೆದು ಬುಗುರಿ. ಈಗಲೂ ಹಿತ್ತಲಲ್ಲಿ ಪೇರಲ ಗಿಡ ಬೆಳೆಸಿದ್ದಾನೆ. ಹಣ್ಣು ಹಕ್ಕಿಗೆ ಬಿಡುತ್ತಾನೆ, ಕೊಂಬೆ ಬುಗುರಿಗೆ.

ಈಸ್ಟರ್ ಸೋಮವಾರ ಜಮೈಕಾದವರೆಲ್ಲ ನಮ್ಮ ಪಾರ್ಕಿನಲ್ಲಿ ಸೇರಿ ತಾವು ಚಿಕ್ಕಂದಿನಲ್ಲಿ ಆಡಿದ ಆಟಗಳನ್ನೇ ಆಡುತ್ತೇವೆ, ನೀನೂ ಬಾ ಎಂದು ಅವನು ತಿಂಗಳ ಮೊದಲೇ ಹೇಳಿದ್ದ. ಈಸ್ಟರ್ ರಜೆಗೆ ನೀನೂ ಇಲ್ಲಿಗೆ ಬರುವವಳಿದ್ದೆ. ನನ್ನ ಹೆಂಡತಿಯೂ ಬರುತ್ತಾಳೆ, ಕಲ್ಲಿನ ಆಟದಲ್ಲಿ ಅವಳನ್ನು ಸೋಲಿಸಿದವರು ಹುಟ್ಟಿಲ್ಲ ಎಂದು ನಾನು ಇನೆಜ್‌ಗೆ ಹೇಳಿಟ್ಟಿದ್ದೆ. ಶುಕ್ರವಾರ ಕೃಪಾ ಫೋನ್ ಮಾಡಿ ಕೂಸಿಗೆ ಜ್ವರ, ಅವ್ವ ಬರುವುದಿಲ್ಲ ಎಂದಳು. ಸರಿ ಎಂದೆ. ಕೂಸಿನ ಜ್ವರಕ್ಕಿಂತ ಬುಗುರಿ ದೊಡ್ಡದೇ?

ಸೋಮವಾರ ಎಂಥ ಗಾಳಿ ಅಂತೀ! ಮಗ, ಸೊಸೆ, ಆದ್ಯಾ ಎಲ್ಲರೂ ಕೂಡಿ ಹೋಗಿ ನೋಡಿದರೆ ಆಕಾಶದ ತುಂಬ ಗಾಳಿಪಟ. ಪಟದ ತಲೆಗೆ ಬಿದಿರು ಬಗ್ಗಿಸಿ ಕಾಗದದ ನಾಲಗೆ ಕಟ್ಟುತ್ತಾರೆ. ಮೇಲೆ ಹೋದಂತೆ ಅದು ಗುಂಯ್ ಎಂದು ಹಾಡುತ್ತದೆ. ಕಣ್ಣು ಮುಚ್ಚಿದರೆ ದೂರದಿಂದ ನಮ್ಮ ಗಿರಣಿ ಕೇಳಿದ ಹಾಗೆ. ಒಂದು ಕಡೆ ಜ್ಯೂಸಿನ ಖಾಲಿ ಡಬ್ಬಿಗೆ ಪೇಪರ್ ತುರುಕಿ ಚೆಂಡು ಮಾಡಿಕೊಂಡು, ಆ ತುದಿಗೊಬ್ಬರು ಈ ತುದಿಗೊಬ್ಬರು ನಿಂತು ನಡುವಿನವರಿಗೆ ಬೀಸುವುದು. ನಡುವೆ ಇದ್ದವಳು ಇನೆಜ್. ನಿನಗಿಂತ ದೊಡ್ಡವಳು, ನಿನಗಿಂತ ದಪ್ಪ. ಲಂಗ ಎತ್ತಿ ಹಿಡಿದು ಹಾರಿದಳು, ಬಗ್ಗಿದಳು, ಒಂದು ಏಟೂ ತಗುಲಿಸಿಕೊಳ್ಳಲಿಲ್ಲ. ಎಸೆಯುವವರನ್ನು ಏನೇನೋ ಹಂಗಿಸುತ್ತಿದ್ದಳು. ಆದ್ಯಾ ನಡುವೆ ನುಗ್ಗಿ ಬೆನ್ನಿಗೆ ಏಟು ತಿಂದು ನಗುತ್ತಾ ಬಂದಳು. ಆ ಹುಡುಗಿ ಟಿವಿ ಇಲ್ಲದೆ ಅಷ್ಟು ನಕ್ಕದ್ದು ನಾನು ನೋಡಿರಲಿಲ್ಲ.

ಆಮೇಲೆ ಬುಗುರಿ. ನೆಲಕ್ಕೆ ಒಂದು ಸುತ್ತು ಗೆರೆ ಎಳೆದರು. ಐದಾರು ಜನ ಮುದುಕರು, ಎಲ್ಲರ ಕೈಯಲ್ಲೂ ತಾವೇ ಕೆತ್ತಿದ ಬುಗುರಿ. ನನ್ನದೊಂದೇ ಬಣ್ಣ ಬಳಿದದ್ದು, ಹಳದಿ ಕೆಂಪು ಗೆರೆಯದು. ಅದನ್ನು ಕಂಡು ನಕ್ಕರು. ಒಬ್ಬೊಬ್ಬರದೇ ಮಲಗಿತು. ಕಡೆಗೆ ಎವರ್ಟನ್ನಂದು, ನನ್ನದು. ಅವನದು ಓಲಾಡಿತು, ಬಿತ್ತು. ನನ್ನದು ಇನ್ನೂ ತಿರುಗುತ್ತಿತ್ತು.

ಅಲ್ಲಿಗೆ ಆಟ ಮುಗಿಯಿತು ಎಂದು ಅವರೆಲ್ಲ ಚಪ್ಪಾಳೆ ಹೊಡೆದರು. ಎಲ್ಲಿ ಮುಗಿಯಿತು? ಸೋತವನ ಬುಗುರಿಗೆ ಗೆದ್ದವನು ಮೊಳೆಯಿಂದ ಗುನ್ನ ಹೊಡೆಯಬೇಕು. ಗುನ್ನವಿಲ್ಲದೆ ಗೆದ್ದರೆ ಅದೇನು ಗೆಲುವು? ನಾನು ಎವರ್ಟನ್ನನ ಬುಗುರಿ ಎತ್ತಿಕೊಂಡು, ಬೆರಳಿನಿಂದ ತೋರಿಸಿ, "ಗುನ್ನ, ಗುನ್ನ, ಬಿಡಾಂಗಿಲ್ಲ" ಎಂದು ಕೂಗಿದೆ. ಎಲ್ಲರೂ ನನ್ನ ಕಡೆ ತಿರುಗಿದರು. ಆ ತುದಿಯಿಂದ ಯೋಗೀಶ ಚಹಾ ಲೋಟ ಎಸೆದು ಓಡಿ ಬಂದು ನನ್ನ ರಟ್ಟೆ ಹಿಡಿದ. "ಅಪ್ಪಾಜಿ, ಜಗಳ ಬ್ಯಾಡ್ರಿ, ಇದು ಪಬ್ಲಿಕ್ ಪಾರ್ಕ್. ಸಾರಿ ಕೇಳ್ರಿ ಅವರಿಗೆ." ಉಷಾ ಅಷ್ಟರಲ್ಲಿ ಇನೆಜ್‌ಗೆ ಸಾರಿ ಹೇಳಿಯೇಬಿಟ್ಟಿದ್ದಳು. ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೆ, ನಾನು ಆಡುತ್ತಿದ್ದೇನೋ ಜಗಳ ಮಾಡುತ್ತಿದ್ದೇನೋ ಗೊತ್ತಾಗುವುದಿಲ್ಲ.

ಎವರ್ಟನ್‌ಗೆ ಗೊತ್ತಾಯಿತು. ಯೋಗೀಶನ ಕೈ ಬಿಡಿಸಿ, ನಮ್ಮೂರಿನಲ್ಲೂ ಹೀಗೇ, ಈ ಹೇಡಿ ಮುದುಕರು ಬುಗುರಿ ಉಳಿಸಿಕೊಳ್ಳಲು ಆ ನಿಯಮ ಬಿಟ್ಟಿದ್ದಾರೆ ಎಂದ. ಎಂದವನೇ ಮಂಡಿಯೂರಿ ತನ್ನ ಬುಗುರಿಯನ್ನು ಅರ್ಧ ಮಣ್ಣಿನಲ್ಲಿ ಹೂತು ಕೊಟ್ಟ. ನಾನು ಗುರಿ ಹಿಡಿದು ಬೀಸಿದೆ. ಒಂದೇ ಏಟು. ಪೇರಲ ಮರ ಎರಡು ಹೋಳು. ಅವನು ಟೋಪಿ ತೆಗೆದು ನನ್ನ ತಲೆಗೆ ಇಟ್ಟ. ಆ ಮೇಲೆ ಎದ್ದ ಕೂಗು ನಿನಗೆ ಮೆಲ್ಬರ್ನಿನಲ್ಲಿ ಕೇಳಿಸಿರಬೇಕು. ಯೋಗೀಶ ಲೋಟ ಹುಡುಕಿಕೊಂಡು ಹೋದ. ಎವರ್ಟನ್ ಒಂದು ಹೋಳು ನನಗೆ ಕೊಟ್ಟಿದ್ದಾನೆ, ಕಿಟಕಿಯಲ್ಲಿ ಇಟ್ಟಿದ್ದೇನೆ.

ಊಟ. ಆಡಿನ ಮಾಂಸ ಮಾಡಿದ್ದರು, ನಾನು ಮುಟ್ಟಲಿಲ್ಲ. ಬಗ್ಗಿದಾಗ ನನ್ನ ಲಿಂಗದ ಕರಡಿಗೆ ಅಂಗಿಯಿಂದ ಹೊರಗೆ ಬಂದಿತ್ತು. ಇನೆಜ್ ಅದೇನು ಎಂದು ಕೇಳಿದಳು. ದೇವರು ಎಂದೆ. ತನ್ನ ಕೊರಳಿನ ಶಿಲುಬೆ ಮುಟ್ಟಿ ತೋರಿಸಿ, ಬೇರೆ ಪಾತ್ರೆ ತೆಗೆದಳು. ಮಾಂಸದ ಸೌಟು ತಾಗಬಾರದು ಎಂದು ಬೆಳಿಗ್ಗೆಯೇ ಬೇರೆ ಮಾಡಿ ಇಟ್ಟಿದ್ದಳು. ತೆಂಗಿನ ಹಾಲಿನಲ್ಲಿ ಅಕ್ಕಿಯನ್ನೂ ಕೆಂಪು ಕಾಳನ್ನೂ ಕೂಡಿಸಿ ಬೇಯಿಸಿದ್ದು. ಆಮೇಲೆ ಈಸ್ಟರಿನ ಸಿಹಿ ಬನ್ನು, ಕಪ್ಪಗೆ, ದ್ರಾಕ್ಷಿ ಹಾಕಿದ್ದು, ನಡುವೆ ಚೀಸಿನ ತುಂಡು ಇಟ್ಟು ಕೊಡುತ್ತಾರೆ. ಸಿಹಿಗೆ ಉಪ್ಪು ಯಾಕೆ ಎಂದು ಬೈಯುತ್ತಲೇ ಮೂರು ತಿಂದೆ. ನಿನಗೆ ಒಂದು ಕಟ್ಟಿ ಕೊಟ್ಟಿದ್ದಳು. ಕೆಡುತ್ತದೆ ಎಂದು ಅದನ್ನೂ ನಾನೇ ತಿಂದೆ.

ಕಡೆಗೆ ಕಲ್ಲಿನ ಆಟ. ಎಲ್ಲರೂ ಸುತ್ತಾಗಿ ಮಂಡಿಯೂರಿ ಕೂರುತ್ತಾರೆ. ಒಬ್ಬೊಬ್ಬರ ಮುಂದೆ ಮುಷ್ಟಿ ಗಾತ್ರದ ಒಂದು ಕಲ್ಲು. ಹಾಡು ಶುರುವಾಗುತ್ತದೆ, ತಾಳಕ್ಕೆ ಸರಿಯಾಗಿ ನಿನ್ನ ಕಲ್ಲನ್ನು ಬಲಗಡೆಯವರ ಮುಂದೆ ಕುಟ್ಟಿ ಇಡಬೇಕು, ಎಡಗಡೆಯಿಂದ ಬಂದದ್ದನ್ನು ಎತ್ತಿಕೊಳ್ಳಬೇಕು. ಹಾಡು ಜೋರಾಗುತ್ತಾ ಹೋಗುತ್ತದೆ. ತಾಳ ತಪ್ಪಿದರೆ ಬೆರಳು ಜಜ್ಜುತ್ತದೆ. ಜಜ್ಜಿದರೆ ಅಳಬಾರದು, ಅದೇ ನಿಯಮ. ನೀನು ಇದ್ದಿದ್ದರೆ ನೋಡಬೇಕಿತ್ತು. ನಮ್ಮ ಸೋದರತ್ತೆಯ ಮನೆಯ ಕಟ್ಟೆ ಮೇಲೆ ನೀನು ಹರಳು ಆಡುವಾಗ ನಿನ್ನ ಕೈ ನನಗೆ ಕಾಣಿಸುತ್ತಲೇ ಇರಲಿಲ್ಲ. ಹುಡುಗರ ಮರ್ಯಾದೆ ಹೋಗುತ್ತದೆ ಎಂದು ನಾನು ನಿನ್ನ ಹರಳು ಕಿತ್ತುಕೊಂಡು ಬಾವಿಗೆ ಹಾಕಿದೆ, ನೀನು ನನ್ನ ಚಾಟಿ ಒಲೆಗೆ ಹಾಕಿದೆ. ಆಮೇಲೆ ಮದುವೆ ಮಾಡಿದರು.

ಇನೆಜ್ ನನ್ನ ಬಲಗಡೆ ಒಬ್ಬರು ಕೂರುವಷ್ಟು ಜಾಗ ಬಿಡಿಸಿ, ಅಲ್ಲೊಂದು ಕಲ್ಲು ಇಟ್ಟಿದ್ದಳು. ನುಣ್ಣಗಿನ ಬೂದು ಕಲ್ಲು. ನಿನ್ನದು. ನೀನು ಬರುವುದಿಲ್ಲ ಎಂದು ಹೇಳುವುದು ನನಗೆ ಮರೆತಿತ್ತು. ಆದ್ಯಾ ಹೇಳಿದಳು, ಅಜ್ಜಿ ಮೆಲ್ಬರ್ನಿನಲ್ಲಿ ಇರುತ್ತಾಳೆ, ಅಜ್ಜ ಇಲ್ಲಿ ಇರುತ್ತಾನೆ ಎಂದು. ಇನೆಜ್ ನನ್ನ ಮುಖ ನೋಡಿ, ನೀವಿಬ್ಬರೂ ಜಗಳವಾಡಿದ್ದೀರಾ ಎಂದು ಕೇಳಿದಳು. ಇಲ್ಲ, ಮಕ್ಕಳು ಇಬ್ಬರು, ನಾವೂ ಇಬ್ಬರು, ಮನೆಗೊಬ್ಬರು ಎಂದೆ. ಆದ್ಯಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಯಾರೂ ನಗಲಿಲ್ಲ. ಇನೆಜ್ ಜಾಗ ಮುಚ್ಚಿಸಲಿಲ್ಲ. ಬರುವವಳು ಬರುತ್ತಾಳೆ, ಕಲ್ಲು ಅಲ್ಲೇ ಇರಲಿ ಎಂದಳು. ಹಾಡು ಶುರುವಾಯಿತು. ಪ್ರತಿ ಸಲವೂ ನಾನು ನಿನ್ನ ಜಾಗ ದಾಟಿ ಕೈ ಚಾಚಿ ಆಚೆಯವಳ ಮುಂದೆ ಕಲ್ಲು ಇಡಬೇಕು. ಎಷ್ಟು ಹೊತ್ತು ಆದೀತು? ತಾಳ ತಪ್ಪಿತು, ನಡುಬೆರಳು ಜಜ್ಜಿತು. ಉಗುರು ಕಪ್ಪಾಗಿದೆ, ಈ ಅಕ್ಷರ ಕೆಟ್ಟಿರುವುದು ಅದಕ್ಕೇ. ಅಳಲಿಲ್ಲ. ಕಣ್ಣಲ್ಲಿ ನೀರು ಬಂದದ್ದು ಗಾಳಿಗೆ.

ಜೂನ್ ತಿಂಗಳ ಲಾಂಗ್ ವೀಕೆಂಡಿಗೆ ಮತ್ತೆ ಸೇರುತ್ತಾರೆ. ನಿನ್ನ ಕಲ್ಲನ್ನು ಇನೆಜ್ ತೊಳೆದು ಚೀಲದಲ್ಲಿ ಹಾಕಿಕೊಂಡು ಹೋಗಿದ್ದಾಳೆ. ನೀನು ಆ ಹೊತ್ತಿಗೆ ಬರಬೇಕು. ಒಂದೂವರೆ ತಾಸಿನ ವಿಮಾನ. ಸೆಪ್ಟೆಂಬರಿಗೆ ವೀಸಾ ಮುಗಿದರೆ ಊರಿಗೆ ಹೊರಡಬೇಕು, ಆಮೇಲೆ ಯಾವ ಜಮೈಕಾ, ಯಾವ ಕಲ್ಲು.

ಕೃಪಾಳಿಗೆ, ಜೀವನ್‌ಗೆ ನನ್ನ ಆಶೀರ್ವಾದ ತಿಳಿಸು. ಕೂಸಿನ ಕಿವಿಯಲ್ಲಿ ಮೆಲ್ಲಗೆ ಹೇಳು, ನಿಮ್ಮಜ್ಜ ಬುಗುರಿ ಗೆದ್ದ ಎಂದು. ಬಸವಣ್ಣ ನಿಮ್ಮೆಲ್ಲರನ್ನೂ ಚೆನ್ನಾಗಿ ಇಡಲಿ.

ನಿನ್ನ,
ಶಾಂತವೀರಪ್ಪ

ತಾ.ಕ. ಲಕೋಟೆ ಅಂಟಿಸಿದ್ದವನು ಮತ್ತೆ ಬಿಚ್ಚಿದೆ. ಮಂಗಳವಾರ ಸಂಜೆ ಉಷಾ ಫೋನನ್ನು ಸ್ಪೀಕರಿಗೆ ಹಾಕಿ ಅಡಿಗೆ ಮಾಡುತ್ತಾ ನಿನ್ನ ಜೊತೆ ಮಾತಾಡಿದಳಲ್ಲ, ನಾನು ಬಾಗಿಲ ಈಚೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಪಾಪುಗೆ ಜ್ವರ ಇಳೀತಾ ಅತ್ತೆ ಎಂದು ಅವಳು ಕೇಳಿದಳು. "ಜ್ವರಾ ಎಲ್ಲಿ ಬಂದಿತ್ತವಾ, ನಿಮ್ಮ ಮಾವಗ ಹಂಗ ಹೇಳು ಅಂತ ಕೃಪಾಗ ನಾನ ಅಂದಿದ್ದೆ. ಇಲ್ಲಿ ಕಿವಿಗೆ ತಂಪೈತಿ. ಇನ್ನಷ್ಟು ದಿನಾ ಇರಲಿ ಬಿಡು" ಎಂದೆ ನೀನು. ಉಷಾ ಗಾಬರಿಯಾಗಿ ಸ್ಪೀಕರ್ ಆರಿಸಿದಳು. ನಾನು ಕೇಳಿಲ್ಲ ಎಂದುಕೊಂಡಿದ್ದಾಳೆ. ಅವರೆಕಾಯಿ ಪೂರ್ತಿ ಸುಲಿದು ಕೊಟ್ಟೆ.

ಈ ಪತ್ರ ಯಾಕೆ ಬರೆಸಿದೆ ಎಂದು ಅವತ್ತು ತಿಳಿಯಿತು. ಹಾಳೆಗೆ ದನಿ ಇಲ್ಲ.

ನನ್ನ ಗಂಟಲು ಬದಲಾಗುವುದಿಲ್ಲ, ಬದಲಾಗುತ್ತದೆ ಎಂದು ನಾನು ಸುಳ್ಳು ಹೇಳುವುದಿಲ್ಲ. ಆದರೆ ಕೂಗುವುದಕ್ಕೆ ನನಗೆ ಈಗ ಒಂದು ಪಾರ್ಕು ಸಿಕ್ಕಿದೆ, ಕೇಳಿಸಿಕೊಳ್ಳುವುದಕ್ಕೆ ಒಂದೂವರೆ ಕಿವಿ ಕೆಟ್ಟ ಮನುಷ್ಯ ಸಿಕ್ಕಿದ್ದಾನೆ. ಮಧ್ಯಾಹ್ನ ಹೋಗಿ ಅಲ್ಲೇ ಕೂಗಿ ಮುಗಿಸಿ ಬರುತ್ತೇನೆ. ಮನೆಗೆ ತರುವುದಿಲ್ಲ. ಊರಿಗೆ ಹೋದ ಮೇಲೆ ಗಿರಣಿಯಲ್ಲಿ ಕೂಗುತ್ತೇನೆ, ಪಡಸಾಲೆಯಲ್ಲಿ ಇಲ್ಲ. ಇಷ್ಟು ನನ್ನಿಂದ ಆಗುತ್ತದೆ.

ಬರುತ್ತೀಯೋ ಇಲ್ಲವೋ, ನಿನ್ನ ಕೈಯಿಂದಲೇ ಬರೆ. ಕೃಪಾ ಫೋನ್ ಮಾಡಿ ಹೇಳುವುದು ಬೇಡ, ಕೂಸಿನ ಮೇಲೆ ಹಾಕುವುದೂ ಬೇಡ. ಜೂನಿನ ಟಿಕೆಟ್ ಮೊದಲೇ ತೆಗೆಸಬೇಕು, ಏಪ್ರಿಲ್ ಇಪ್ಪತ್ತೆಂಟರ ಒಳಗೆ ನಿನ್ನ ಉತ್ತರ ನನ್ನ ಕೈ ಸೇರಬೇಕು.